ಬಂದು ಹೋಗುವ ಕರೆಂಟು: ಹಳೆ ಕಾರಿನ ವೈರಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಸಂಡೂರು, ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಹಳೆ ಕಾರು ಇಟ್ಟುಕೊಂಡಿರುವವರು ಫೋನಿನಲ್ಲಿ, ಪತ್ರದಲ್ಲಿ, ಗ್ಯಾರೇಜಿನ ಮುಂದೆ ನಿಂತು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮಾರುತಿ 800, ಓಮ್ನಿ, ಝೆನ್, ಅಂಬಾಸಿಡರ್, ಪದ್ಮಿನಿ, ಹಳೆ ಸ್ಯಾಂಟ್ರೋ, ಗಾಡಿ ಯಾವುದಾದರೂ ಕಾಯಿಲೆ ಒಂದೇ. ಪೂರ್ತಿ ಕೆಟ್ಟರೆ ಹುಡುಕೋದು ಸುಲಭ, ಒಮ್ಮೆ ಬಂದು ಒಮ್ಮೆ ಹೋಗುವುದೇ ತಲೆನೋವು. ಅಂಥ ಹೊತ್ತಿನಲ್ಲಿ ಅಂದಾಜಿನ ಮೇಲೆ ಸಾಮಾನು ಬದಲಿಸುತ್ತಾ ಹೋಗಬೇಡಿ. ತೊಂದರೆ ಇರುವಾಗಲೇ ಅಳೆದು ಹಿಡಿಯಬೇಕು. ಬಹಳ ಸಲ ಕೆಟ್ಟಿರೋದು ಸಾಮಾನಲ್ಲ, ಎರಡು ಸಾಮಾನಿನ ನಡುವಿನ ಜೋಡಣೆ.

## ಶುರುವಿಗೆ

ಒಮ್ಮೆ ಸ್ಟಾರ್ಟ್ ಆಗ್ತೈತಿ, ಒಮ್ಮೆ ಆಗಂಗಿಲ್ಲ. ಎಲ್ಲಿಂದ ನೋಡ್ಕೊಂಡು ಬರ್ಲಿ?

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳಿ. ಸೆಲ್ಫ್ ಹೊಡೆಯುತ್ತಿಲ್ಲವೋ, ಇಲ್ಲ ಸೆಲ್ಫ್ ಹೊಡೆದರೂ ಇಂಜಿನ್ ಹಿಡಿಯುತ್ತಿಲ್ಲವೋ? ಎರಡೂ ಬೇರೆ ಬೇರೆ ದಾರಿ. ಸೆಲ್ಫ್ ಚೆನ್ನಾಗಿ ತಿರುಗುತ್ತಿದ್ದರೆ ಬ್ಯಾಟರಿಯನ್ನು ಬಿಟ್ಟು ಪ್ಲಗ್ಗಿಗೆ ಕರೆಂಟು ಮತ್ತು ಪೆಟ್ರೋಲ್ ಬರುತ್ತಿದೆಯಾ ನೋಡಿ.

ಸೆಲ್ಫೇ ಹೊಡೆಯದಿದ್ದರೆ ಒಳಗಿನ ಲೈಟ್ ಹಾಕಿಕೊಂಡು ಕೀ ತಿರುಗಿಸಿ, ಕಣ್ಣು ಲೈಟಿನ ಮೇಲಿರಲಿ. ಲೈಟ್ ಪೂರ್ತಿ ಮಂಕಾಗಿ ಟಕಟಕ ಸದ್ದು ಬಂದರೆ ಬ್ಯಾಟರಿ, ಟರ್ಮಿನಲ್, ಇಲ್ಲವೇ ಅರ್ಥ್ (ಕರೆಂಟು ಬಾಡಿ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ಜೋಡಣೆ). ಲೈಟ್ ಹಾಗೇ ಉರಿಯುತ್ತಿದ್ದು ಸದ್ದೇ ಇಲ್ಲ ಅಂದರೆ ಸಾಲಿನಾಯ್ಡಿಗೆ (ಸೆಲ್ಫ್ ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚು) ಹೋಗುವ ಸಣ್ಣ ವೈರಿಗೆ ಕರೆಂಟು ತಲುಪುತ್ತಿಲ್ಲ, ಇಗ್ನಿಷನ್ ಸ್ವಿಚ್ ಮತ್ತು ಆ ವೈರಿನ ತುದಿಯ ಥಿಂಬಲ್ (ಲೋಹದ ಕಿವಿ) ನೋಡಿ. ಒಂದೇ ಒಂದು ಗಟ್ಟಿ 'ಟಕ್' ಬಂದು ಸುಮ್ಮನಾದರೆ ಸಾಲಿನಾಯ್ಡ್ ಒಳಗಿನ ಪಾಯಿಂಟು ಅಥವಾ ಸೆಲ್ಫ್ ಮೋಟಾರಿನ ಕಾರ್ಬನ್ ಸವೆದಿರಬಹುದು. ಈ ಒಂದು ಪರೀಕ್ಷೆಯಿಂದಲೇ ಅರ್ಧ ಹುಡುಕಾಟ ಮುಗಿಯುತ್ತದೆ.

ಹೊಸ ಬ್ಯಾಟ್ರಿ ಹಾಕ್ಸೀನಿ, ಆದ್ರೂ ಅದೇ ಹಾಡು. ಬ್ಯಾಟ್ರಿನೇ ಖರಾಬ್ ಕೊಟ್ರಾ?

ಅಂಗಡಿಯವರ ಮೇಲೆ ಹೋಗುವ ಮುಂಚೆ ಅಳೆದು ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಹೆಚ್ಚು ಕಡಿಮೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಇಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇರಬೇಕು. 13 ದಾಟುತ್ತಿಲ್ಲ ಅಂದರೆ ಡೈನಮೊ (ಆಲ್ಟರ್ನೇಟರ್) ಚಾರ್ಜ್ ಮಾಡುತ್ತಿಲ್ಲ, 15ರ ಮೇಲೆ ಹೋದರೆ ಕಟೌಟ್ (ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್) ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ. ನಿಂತಾಗ, ಸೆಲ್ಫ್ ಹೊಡೆಯುವಾಗ, ಓಡುವಾಗ, ಈ ಮೂರೂ ಅಳತೆ ಸರಿ ಇದ್ದರೆ ಬ್ಯಾಟರಿಯದ್ದು ತಪ್ಪಿಲ್ಲ, ಮುಂದಿನ ಜೋಡಣೆ ನೋಡಬೇಕು.

ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬಾನೆಟ್ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಬ್ಯಾಟರಿ ನೀರು ಬೇಗ ಆರುತ್ತದೆ, ಆಯಸ್ಸೂ ಕಮ್ಮಿಯಾಗುತ್ತದೆ. ನೀರು ತುಂಬುವ ಥರದ್ದಾದರೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಹಾಕಿ. ಬೋರ್‌ವೆಲ್ ನೀರು ಖಂಡಿತ ಬೇಡ.

ಮೇಸ್ತ್ರಿ ಹತ್ರ ಒಯ್ದ ಕೂಡ್ಲೆ ಗಾಡಿ ಸರಿ ಇರ್ತದ. ನಾನ ಸುಳ್ ಹೇಳ್ತೀನಿ ಅನ್ಕೊಂತಾರ. ಏನ್ಮಾಡ್ಲಿ?

ಒಂದು ಸಣ್ಣ ನೋಟ್‌ಬುಕ್ ಗಾಡಿಯಲ್ಲೇ ಇಡಿ. ಪ್ರತಿ ಸಲ ತೊಂದರೆ ಬಂದಾಗ ನಾಲ್ಕು ಮಾತು ಬರೆಯಿರಿ: ಎಷ್ಟು ಹೊತ್ತು ಓಡಿದ ಮೇಲೆ, ಬಿಸಿಲಿತ್ತಾ ಮಳೆಯಾ, ರಸ್ತೆ ಹೇಗಿತ್ತು, ಆಗ ಏನೇನು ಆನ್ ಇತ್ತು. ಸಾಧ್ಯವಾದರೆ ಪಕ್ಕದಲ್ಲಿ ಕೂತವರಿಂದ ಮೀಟರ್ ಬೋರ್ಡಿನ ವೀಡಿಯೊ ಮಾಡಿಸಿ. ಹೀಗೆ ಬರೆದುಕೊಂಡು ಹೋದರೆ ಒಂದು ಜಾಡು ಸಿಗುತ್ತದೆ. ಗುಂಡಿಯಲ್ಲಿ ಎತ್ತಿ ಹಾಕಿದಾಗ ಮಾತ್ರ ಬಂದರೆ ಲೂಸ್ ಕನೆಕ್ಷನ್. ಅರ್ಧ ಗಂಟೆ ಓಡಿದ ಮೇಲೆ ಬಂದರೆ ಬಿಸಿ. ಮಳೆ ಅಥವಾ ವಾಷಿಂಗ್ ಆದ ಮೇಲೆ ಬಂದರೆ ನೀರು ಎಲ್ಲೋ ಒಳಗೆ ಹೋಗಿದೆ.

ಇನ್ನೊಂದು ಮಾತು. ಮೇಸ್ತ್ರಿಗೆ 'ಕಾಯಿಲ್ ಹೋಗಿರ್ಬೇಕು, ಬದಲಿಸಿ' ಅಂತ ಹೇಳಬೇಡಿ. ಹಾಗಂದರೆ ಅವರು ಕಾಯಿಲ್ (ಪ್ಲಗ್ಗಿನ ಕಿಡಿಗೆ ವೋಲ್ಟೇಜ್ ಏರಿಸುವ ಸಾಮಾನು) ಬದಲಿಸುತ್ತಾರೆ. ಲಕ್ಷಣ ಹೇಳಿ, ಔಷಧಿ ಅವರಿಗೆ ಬಿಡಿ.

ಮನ್ಯಾಗ ನಾನ ಚೆಕ್ ಮಾಡ್ಬೇಕಂದ್ರ ಏನೇನ್ ಸಾಮಾನು ಬೇಕ್ರಿ?

ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್ (ಕರೆಂಟು ಇದ್ದರೆ ಉರಿಯುವ ಸಣ್ಣ ದೀಪದ ಕಡ್ಡಿ), 10 ನಂಬರ್ ಸ್ಪ್ಯಾನರ್, ಹೋಲ್ಡರ್ ಸಮೇತ 21 ವ್ಯಾಟ್ ಬಲ್ಬು (ಬ್ರೇಕ್ ಲೈಟಿನದೇ ಸಾಕು), ಎರಡು ಮೂರು ಮೀಟರ್ ವೈರು. ಇಷ್ಟೇ. ಬಲ್ಬು ಯಾಕೆ ಅಂತ ಕೆಳಗೆ ಗೊತ್ತಾಗುತ್ತದೆ, ಮೀಟರಿಗಿಂತ ಅದೇ ಜಾಸ್ತಿ ಕೆಲಸಕ್ಕೆ ಬರೋದು.

ಟರ್ಮಿನಲ್ ಮ್ಯಾಲೆ ಬೆಳ್ಳಗೆ ಹಸಿರು ಪುಡಿ ಕಟ್ತೈತೆ. ಬಿಸಿನೀರು ಸುರಿದ್ರೆ ಸಾಕಾ?

ಸುರಿದರೆ ಮೇಲಿನ ಪುಡಿ ಹೋಗುತ್ತದೆ, ಒಳಗಿಂದು ಉಳಿಯುತ್ತದೆ. ತೊಂದರೆ ಇರೋದು ಟರ್ಮಿನಲ್ಲಿನ ಒಳಮೈಗೆ ಮತ್ತು ಬ್ಯಾಟರಿ ಕಂಬಕ್ಕೆ ನಡುವೆ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ಹಳೆ ಬ್ರಶ್ಶಿನಿಂದ ಎರಡೂ ಮೈ ಉಜ್ಜಿ, ನೀರು ಬ್ಯಾಟರಿ ಮುಚ್ಚಳದ ಒಳಗೆ ಹೋಗದಂತೆ ನೋಡಿಕೊಳ್ಳಿ. ಒಣಗಿಸಿ, ಸೀಸದ ಹೊಳಪು ಕಾಣುವ ತನಕ ಕೆರೆದು, ಬಿಗಿ ಮಾಡಿ, ಆಮೇಲೆ ಮೇಲಿಂದ ವ್ಯಾಸಲೀನ್ ಹಚ್ಚಿ. ವ್ಯಾಸಲೀನ್ ಹಚ್ಚಿ ಬಿಗಿ ಮಾಡೋದಲ್ಲ, ಬಿಗಿ ಮಾಡಿ ಹಚ್ಚೋದು. ಹಾಕುವಾಗ ಮೈನಸ್ ಕೊನೆಗೆ.

## ಸ್ವಲ್ಪ ಒಳಗೆ ಇಳಿದರೆ

ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಮಂಕಾಗಿ ಉರೀತೈತೆ. ಇದೇನು ದೆವ್ವನಾ?

ಅರ್ಥ್ ಹೋಗಿದೆ, ಅಷ್ಟೇ. ಹಿಂದಿನ ಲೈಟಿನ ಎಲ್ಲಾ ಬಲ್ಬುಗಳಿಗೆ ವಾಪಸ್ ಹೋಗುವ ದಾರಿ ಒಂದೇ ಇರುತ್ತದೆ. ಆ ದಾರಿ ತುಕ್ಕು ಹಿಡಿದರೆ ಬ್ರೇಕ್ ಲೈಟಿನ ಕರೆಂಟು ಪಕ್ಕದ ಇಂಡಿಕೇಟರ್ ಬಲ್ಬಿನ ಒಳಗೆ ತೂರಿ, ಅದರ ವೈರು ಹಿಡಿದು, ಬೇರೆ ಕಡೆಯಿಂದ ಬಾಡಿ ಸೇರುತ್ತದೆ. ಎರಡು ಬಲ್ಬು ಸಾಲಾಗಿ ಸಿಕ್ಕಿಹಾಕಿಕೊಂಡಂತೆ ಆಗೋದರಿಂದ ಎರಡೂ ಮಂಕು. ಹೆಡ್‌ಲೈಟ್ ಹಾಕಿದರೆ ವೈಪರ್ ನಿಧಾನವಾಗೋದು, ಲೈಟ್ ಹಾಕಿದ ಕೂಡಲೇ ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಏರೋದು, ಇವೂ ಬಹುಪಾಲು ಅದೇ ಜಾತಿಯ ತೊಂದರೆ.

ಪರೀಕ್ಷೆ ಸುಲಭ. ಬ್ಯಾಟರಿ ಮೈನಸ್‌ನಿಂದ ಒಂದು ಉದ್ದ ವೈರು ಎಳೆದು ಆ ಲೈಟಿನ ಅರ್ಥ್ ಪಾಯಿಂಟಿಗೆ ಮುಟ್ಟಿಸಿ. ಥಟ್ಟನೆ ಸರಿಯಾದರೆ ಕಳ್ಳ ಸಿಕ್ಕ. ಅರ್ಥ್ ಸ್ಕ್ರೂ ಬಿಚ್ಚಿ, ಕೆಳಗಿನ ಪೇಂಟು ಕೆರೆದು, ಹೊಸ ಥಿಂಬಲ್ ಹಾಕಿ ಬಿಗಿ ಮಾಡಿ. ಟಿಂಕರಿಂಗ್, ಪೇಂಟಿಂಗ್ ಆದ ಗಾಡಿಗಳಲ್ಲಿ ಇದು ತುಂಬಾ ಜಾಸ್ತಿ, ಯಾಕಂದರೆ ಅರ್ಥ್ ಕೂರುವ ಜಾಗಕ್ಕೂ ಪೇಂಟ್ ಹೊಡೆದಿರುತ್ತಾರೆ.

ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಕೇಬಲ್ ಬಿಸಿ ಆಗ್ತದ. ಕೇಬಲ್ಲಿಗೂ ಕರೆಂಟಿಗೂ ಏನ್ ಸಂಬಂಧ?

ಇದನ್ನು ಹಗುರವಾಗಿ ತಗೋಬೇಡಿ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಇಂಜಿನ್‌ನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿ ಮೈನಸ್‌ಗೆ ದಪ್ಪ ಅರ್ಥ್ ಪಟ್ಟಿ ಇರುತ್ತದೆ. ಅದು ಕಡಿದರೆ ಸೆಲ್ಫ್ ಮೋಟಾರಿನ ನೂರಾರು ಆಂಪಿಯರ್ ಬೇರೆ ದಾರಿ ಹುಡುಕುತ್ತದೆ. ಇಂಜಿನ್ನನ್ನೂ ಬಾಡಿಯನ್ನೂ ಜೋಡಿಸುವ ಲೋಹ ಅಂದರೆ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್. ಅವು ಬಿಸಿಯಾಗಿ ಒಳಗಿನ ಪ್ಲಾಸ್ಟಿಕ್ ಕರಗಿ ಹಿಡಿದುಕೊಳ್ಳುತ್ತವೆ. ಓಡುವಾಗ ಆಕ್ಸಿಲರೇಟರ್ ಹಿಡಿದುಕೊಂಡರೆ ಏನಾಗುತ್ತದೆ ಯೋಚಿಸಿ.

ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಕೆಂಪು ಕಡ್ಡಿ ಇಂಜಿನ್ ಬ್ಲಾಕಿಗೆ, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೇ ಒತ್ತಿ ಹಿಡಿಯಿರಿ, ಟರ್ಮಿನಲ್ ಕ್ಲಿಪ್ಪಿಗಲ್ಲ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. 0.2 ವೋಲ್ಟಿನ ಆಸುಪಾಸು ಬಂದರೆ ಚೆನ್ನಾಗಿದೆ, 0.5 ದಾಟಿದರೆ ಪಟ್ಟಿ ಬದಲಿಸಿ. ಪಟ್ಟಿ ಹೊರಗಿಂದ ಚೆನ್ನಾಗಿ ಕಂಡರೂ ಥಿಂಬಲ್ ಒಳಗೆ ಎಳೆಗಳು ಹಸಿರಾಗಿ ಪುಡಿಯಾಗಿರುತ್ತವೆ, ಕೈಯಲ್ಲಿ ಬಗ್ಗಿಸಿ ನೋಡಿ.

ಫ್ಯೂಸ್ ಎರಡು ದಿನ ಇರ್ತೈತಿ, ಮೂರನೇ ದಿನ ಹೋಗ್ತೈತಿ. ದೊಡ್ಡ ಫ್ಯೂಸ್ ಹಾಕ್ಲಾ?

ಬೇಡ. ತಂತಿ ಸುತ್ತೋದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಇಡೋದು ಅಂತೂ ಬೇಡವೇ ಬೇಡ. ಫ್ಯೂಸ್ ಉಳಿದರೆ ವೈರು ಸುಡುತ್ತದೆ, ವೈರಿನ ಪಕ್ಕದಲ್ಲೇ ಪೆಟ್ರೋಲ್ ಪೈಪ್ ಇರಬಹುದು. ಬ್ಲೇಡ್ ಫ್ಯೂಸಿನಲ್ಲಿ ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಇದ್ದ ಬಣ್ಣದ್ದೇ ಹಾಕಿ.

ಹುಡುಕಲು 21 ವ್ಯಾಟ್ ಬಲ್ಬು ಬೇಕಾಗೋದು ಈಗ. ಫ್ಯೂಸ್ ತೆಗೆದು ಅದರ ಎರಡು ಕಾಲಿನ ಜಾಗಕ್ಕೆ ಬಲ್ಬಿನ ಎರಡು ವೈರು ಸಿಕ್ಕಿಸಿ. ಶಾರ್ಟ್ ಇದ್ದಾಗ ಬಲ್ಬು ಪೂರ್ತಿ ಬೆಳಗುತ್ತದೆ, ಆದರೆ ಎರಡು ಆಂಪಿಯರ್ ಒಳಗೇ ಕರೆಂಟು ನಿಲ್ಲೋದರಿಂದ ಏನೂ ಸುಡುವುದಿಲ್ಲ. ಆ ಸಾಲಿನ ಲೈಟ್, ಮೋಟಾರ್ ಎಲ್ಲಾ ಆಫ್ ಇಟ್ಟು ವೈರಿಂಗನ್ನು ಅಲ್ಲಲ್ಲಿ ಅಲುಗಾಡಿಸುತ್ತಾ ಹೋಗಿ. ಸ್ಟೀರಿಂಗ್ ಕೆಳಗೆ, ಬಾಗಿಲಿನ ಹಿಂಜ್ ಹತ್ತಿರ, ಡಿಕ್ಕಿ ಮುಚ್ಚಳದ ಮೂಲೆಯಲ್ಲಿ, ಬಾನೆಟ್ ಒಳಗೆ ತಗಡಿನ ತೂತಿನಿಂದ ವೈರು ಹೊರಬರುವ ಕಡೆ. ಎಲ್ಲಿ ಮುಟ್ಟಿದಾಗ ಬಲ್ಬು ಮಿಣುಕುತ್ತದೋ ಅಲ್ಲೇ ವೈರು ತಗಡಿಗೆ ತಾಗುತ್ತಿದೆ. ಹೊಸ ಫ್ಯೂಸ್ ಮೇಲೆ ಫ್ಯೂಸ್ ಸುಡೋದಕ್ಕಿಂತ ಇದು ನೂರು ಪಾಲು ಮೇಲು.

ಪದ್ಮಿನಿ ಇರುವವರಿಗೆ: ನಿಮ್ಮ ಪಿಂಗಾಣಿ ಫ್ಯೂಸು ಸುಡದೆಯೂ ಕೈ ಕೊಡುತ್ತದೆ. ತುದಿಗಳಲ್ಲಿ ಕಿಲುಬು ಹಿಡಿದಿರುತ್ತದೆ. ಬೆರಳಿನಿಂದ ತಿರುಗಿಸಿದಾಗ ಲೈಟ್ ಬಂದರೆ ಹಿಡಿಕೆಗಳನ್ನು ಒರೆಸಿ, ಸ್ವಲ್ಪ ಒಳಕ್ಕೆ ಬಗ್ಗಿಸಿ.

ಹಾರ್ನ್ ಸ್ಟೀರಿಂಗ್ ನೇರ ಇದ್ದಾಗ ಹೊಡೀತದ, ತಿರುಗಿಸಿದ್ರ ಹೊಡ್ಯಂಗಿಲ್ಲ.

ಸ್ಟೀರಿಂಗ್ ಕೆಳಗಿನ ತಾಮ್ರದ ರಿಂಗು ಮತ್ತು ಅದರ ಮೇಲೆ ಜಾರುವ ಕಾರ್ಬನ್ ಅಥವಾ ಪಟ್ಟಿ ಸವೆದಿದೆ. ಒರೆಸಿ, ಸ್ಪ್ರಿಂಗ್ ನೋಡಿ. ಏರ್‌ಬ್ಯಾಗ್ ಇರುವ ಸ್ಟೀರಿಂಗ್ ಆದರೆ ನೀವು ಬಿಚ್ಚಬೇಡಿ. ಹಳದಿ ಕನೆಕ್ಟರ್ ಕಂಡರೆ ಮೀಟರನ್ನೂ ಮುಟ್ಟಿಸಬೇಡಿ.

ಸಂಡೂರು ಕಡೆ ಓಡಾಡ್ತೀನಿ, ಎಲ್ಲಾ ಕಡೆ ಕೆಂಪು ಧೂಳು. ಅದಕ್ಕೂ ಇದಕ್ಕೂ ಸಂಬಂಧ ಐತಾ?

ಇದೆ. ಅದಿರಿನ ಸಣ್ಣ ಧೂಳು ಕನೆಕ್ಟರಿನ ಒಳಗೆ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಆನ್ ಮಾಡುವ ಸ್ವಿಚ್ಚು) ಬುಡದಲ್ಲಿ, ಫ್ಯೂಸ್ ಬಾಕ್ಸಿನಲ್ಲಿ ಕೂರುತ್ತದೆ. ಒಣಗಿದ್ದಾಗ ಅಷ್ಟೇನೂ ಮಾಡುವುದಿಲ್ಲ, ಮೊದಲ ಮಳೆಗೆ ತೇವ ಹಿಡಿದು ಅಲ್ಲೇ ಉಳಿದು ಪಿನ್ನುಗಳಿಗೆ ಕಿಲುಬು ಹಿಡಿಸುತ್ತದೆ. ಅದಕ್ಕೇ ಜೂನ್, ಜುಲೈನಲ್ಲಿ ಇಂಥ ದೂರು ಜಾಸ್ತಿ. ಮಳೆಗಾಲಕ್ಕೆ ಮುಂಚೆ ಒಂದೊಂದೇ ಕನೆಕ್ಟರ್ ಬಿಚ್ಚಿ, ಗಾಳಿ ಹೊಡೆದು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿ, ಎರಡು ಮೂರು ಸಲ ಹಾಕಿ ತೆಗೆದು ಮತ್ತೆ ಕೂರಿಸಿ. ಪಿನ್ನುಗಳನ್ನು ಸ್ಯಾಂಡ್ ಪೇಪರಿನಿಂದ ಉಜ್ಜಬೇಡಿ, ಮೇಲಿನ ಲೇಪ ಹೋದರೆ ಇನ್ನೂ ಬೇಗ ಕೆಡುತ್ತದೆ. ಬಾನೆಟ್ ಎತ್ತಿ ಪ್ರೆಶರ್ ನೀರು ಹೊಡೆಸುವ ಅಭ್ಯಾಸ ದಯವಿಟ್ಟು ಬಿಡಿ.

ನಮ್ದು ಗಂಗಾವತಿ ಹತ್ರ ಹಳ್ಳಿ. ಭತ್ತದ ಕಟಾವು ಆದ ಮ್ಯಾಲೆ ಇಲಿ ವೈರ್ ಕಡೀತಾವು. ಎಲ್ಲಿ ಕಡ್ದಾವಂತ ಹೆಂಗ ಗೊತ್ತಾಗ್ತದ?

ಇಲಿ ಪೂರ್ತಿ ಕತ್ತರಿಸಿದರೆ ಹುಡುಕೋದು ಸುಲಭ, ಅರ್ಧ ಕಡಿದಿದ್ದೇ ಕಷ್ಟ. ಮೊದಲು ಹಿಕ್ಕೆ, ಹೊಟ್ಟು, ಬಟ್ಟೆ ಚೂರು ನೋಡಿ. ಏರ್ ಫಿಲ್ಟರ್ ಡಬ್ಬಿ, ಬ್ಯಾಟರಿ ಹಿಂದೆ, ಇಂಜಿನ್ ಮೇಲಿನ ಬೆಚ್ಚಗಿನ ಜಾಗ, ಹಿಂದಿನ ಸೀಟಿನ ಕೆಳಗೆ. ಗೂಡು ಇದ್ದ ಕಡೆಯಿಂದ ಎರಡು ಅಡಿ ಒಳಗಿನ ವೈರಿಂಗನ್ನು ಟೇಪ್ ಬಿಚ್ಚಿಯೇ ನೋಡಬೇಕು, ಮೇಲಿಂದ ಕಾಣುವುದಿಲ್ಲ. ಕಡಿದ ಕಡೆ ವೈರು ಹೊಸೆದು ಟೇಪ್ ಸುತ್ತಿದರೆ ಅದೇ ಮುಂದಿನ ವರ್ಷದ ಕಾಯಿಲೆ. ಬೆಸುಗೆ ಹಾಕಿ, ಸ್ಲೀವ್ ಏರಿಸಿ.

ಹೆಡ್‌ಲೈಟ್ ಒಂದು ತಾಸು ಉರಿದ ಮ್ಯಾಲೆ ಆರಿ ಹೋಗ್ತದ, ಸ್ವಲ್ಪ ತಡೆದು ತಾನಾಗೇ ಬರ್ತದ. ಸ್ವಿಚ್ ಬಿಸಿ ಬಿಸಿ.

ಬಲ್ಬು ಎಷ್ಟು ವ್ಯಾಟಿನದು ನೋಡಿ. ಸಾಧಾರಣ ಬಲ್ಬು 60/55 ವ್ಯಾಟ್. ಬೆಳಕು ಜಾಸ್ತಿ ಬೇಕು ಅಂತ 100/90 ಹಾಕಿಸಿದ್ದರೆ ಎರಡೂ ಬಲ್ಬು ಸೇರಿ ಹೈ ಬೀಮಿನಲ್ಲಿ 10 ಆಂಪಿಯರ್ ಬದಲು ಸುಮಾರು 17 ಎಳೆಯುತ್ತವೆ. ಹಳೆ ವೈರು, ಹಳೆ ಸ್ವಿಚ್ಚು ಅದನ್ನು ತಡೆಯುವುದಿಲ್ಲ. ಸರಿಯಾದ ಬಲ್ಬಿಗೆ ವಾಪಸ್ ಬನ್ನಿ, ಜೊತೆಗೆ ಬ್ಯಾಟರಿಯಿಂದ ನೇರ ದಪ್ಪ ವೈರು, ಫ್ಯೂಸ್, ರಿಲೇ ಹಾಕಿಸಿ. ಹಳೆ ಸ್ವಿಚ್ಚು ರಿಲೇಗೆ ಹೇಳಿ ಕಳಿಸಿದರೆ ಸಾಕು. ಬೆಳಕೂ ಜಾಸ್ತಿಯಾಗುತ್ತದೆ, ಯಾಕಂದರೆ ದಾರಿಯಲ್ಲಿ ಸೋರುತ್ತಿದ್ದ ವೋಲ್ಟೇಜು ಬಲ್ಬಿಗೆ ಸಿಗುತ್ತದೆ.

## ಕೈ ಪಳಗಿದವರಿಗೆ

ಮಧ್ಯಾಹ್ನ ಬಿಸಿಲಾಗ ಗಾಡಿ ನಿಂತ್ಬಿಡ್ತದ. ಅರ್ಧ ತಾಸು ಬಿಟ್ರೆ ಏನೂ ಆಗಿಲ್ದಂಗ ಸ್ಟಾರ್ಟ್ ಆಗ್ತದ. ಕಾಯಿಲಾ?

ಇರಬಹುದು, ಆದರೆ ಕಾರ್ಬುರೇಟರ್ ಗಾಡಿಯಾದರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿಯೂ ಹೀಗೇ ಆಗುತ್ತದೆ. ರಾಯಚೂರು, ಬಳ್ಳಾರಿಯ ಮೇ ತಿಂಗಳಲ್ಲಿ ಎರಡೂ ಸಾಧ್ಯ, ಲಕ್ಷಣ ಮಾತ್ರ ಒಂದೇ. ಬೇರೆ ಮಾಡಲು ಇರುವುದು ಒಂದೇ ಸಮಯ, ಗಾಡಿ ನಿಂತ ಆ ಹತ್ತು ನಿಮಿಷ. ತಣ್ಣಗಾದ ಮೇಲೆ ಯಾವ ಪರೀಕ್ಷೆಯೂ ಪ್ರಯೋಜನವಿಲ್ಲ.

ಡಿಕ್ಕಿಯಲ್ಲಿ ಒಂದು ಒಳ್ಳೆ ಪ್ಲಗ್ ಇಟ್ಟುಕೊಂಡಿರಿ. ನಿಂತ ಕೂಡಲೇ ಒಂದು ಪ್ಲಗ್ ವೈರು ತೆಗೆದು ಇದಕ್ಕೆ ಹಾಕಿ, ಪ್ಲಗ್ಗಿನ ಲೋಹ ಇಂಜಿನ್ನಿಗೆ ಚೆನ್ನಾಗಿ ತಾಗುವಂತೆ ಕ್ಲಿಪ್ಪಿನಿಂದ ಕಟ್ಟಿ, ಕಾರ್ಬುರೇಟರ್‌ನಿಂದ ದೂರ ಇಟ್ಟು, ಕೈ ತೆಗೆದು ಸೆಲ್ಫ್ ಹೊಡೆಸಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಈ ಪರೀಕ್ಷೆ ಮಾಡಬೇಡಿ. ನೀಲಿ ಕಿಡಿ ಚಟಚಟ ಬಂದರೆ ಕರೆಂಟು ಸರಿ ಇದೆ, ಪೆಟ್ರೋಲ್ ಕಡೆ ಹೋಗಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೋಡಿ. ಕಿಡಿ ಇಲ್ಲ ಅಂದರೆ ಕಾಯಿಲಿನ ಪ್ಲಸ್ಸಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಅಲ್ಲಿ ಲ್ಯಾಂಪ್ ಉರಿದೂ ಕಿಡಿ ಬರದಿದ್ದರೆ ಕಾಯಿಲ್, ಡಿಸ್ಟ್ರಿಬ್ಯೂಟರ್ ಒಳಗಿನ ಪಿಕಪ್, ಇಗ್ನೈಟರ್, ಈ ಮೂರರಲ್ಲಿ ಒಂದು (ಪಾಯಿಂಟ್ ಇರುವ ಹಳೆ ಗಾಡಿಯಲ್ಲಿ ಕಂಡೆನ್ಸರ್). ಲ್ಯಾಂಪೇ ಉರಿಯದಿದ್ದರೆ ಕಾಯಿಲಿನದು ತಪ್ಪಲ್ಲ, ಸ್ವಿಚ್ಚಿನಿಂದ ಕರೆಂಟೇ ಬರುತ್ತಿಲ್ಲ.

ಮನೆಯಲ್ಲಿ ಪರೀಕ್ಷಿಸಬೇಕಾದರೆ ಹೇರ್ ಡ್ರೈಯರ್ ತಗೊಂಡು ಒಂದೊಂದೇ ಸಾಮಾನನ್ನು ಬಿಸಿ ಮಾಡಿ. ಯಾವುದಕ್ಕೆ ಶಾಖ ಕೊಟ್ಟಾಗ ಇಂಜಿನ್ ತಡವರಿಸುತ್ತದೋ ಅದನ್ನು ಮಾತ್ರ ಬದಲಿಸಿ.

ಮೀಟರ್ 12 ವೋಲ್ಟ್ ತೋರಿಸ್ತೈತಿ, ಮೋಟಾರ್ ಮಾತ್ರ ತಿರಗವಲ್ದು. ಮೋಟಾರ್ ಸುಟ್ಟೈತೇನ್ರಿ?

ಅಷ್ಟು ಬೇಗ ತೀರ್ಮಾನಕ್ಕೆ ಬರಬೇಡಿ. ಮೀಟರ್ ಎಳೆಯುವ ಕರೆಂಟು ಅತಿ ಕಮ್ಮಿ. ವೈರಿನ ಒಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಅದು 12 ವೋಲ್ಟ್ ಅನ್ನುತ್ತದೆ. ಮಂದಿ ಸರಿ ಇರುವ ಮೋಟಾರು, ಪಂಪು ಬದಲಿಸೋದು ಇಲ್ಲಿಯೇ. ಕನೆಕ್ಟರ್ ಬಿಚ್ಚಿ, ಆ ವೈರಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ 21 ವ್ಯಾಟ್ ಬಲ್ಬು ಕೊಡಿ. ಅದು ಹೆಚ್ಚುಕಡಿಮೆ 1.75 ಆಂಪಿಯರ್ ಎಳೆಯುತ್ತದೆ. ಬಲ್ಬು ಉರಿಯುವಾಗ ಮೀಟರ್ 12ರಿಂದ 7ಕ್ಕೋ 5ಕ್ಕೋ ಕುಸಿದರೆ ವೈರಿನಲ್ಲಿ ತೊಂದರೆ. ಆಮೇಲೆ ಮೀಟರನ್ನು ವೈರಿನ ಎರಡು ತುದಿಗೆ ಹಿಡಿದು, ಹಿಂದೆ ಹಿಂದೆ ಒಂದೊಂದೇ ಜೋಡಣೆ ದಾಟಿ ಬನ್ನಿ. ಯಾವ ಜೋಡಣೆಯ ಆಚೆ ಈಚೆ ವೋಲ್ಟೇಜ್ ಕಾಣುತ್ತದೋ ಅದೇ ಜಾಗ. ಒಳ್ಳೆ ಜೋಡಣೆಯಲ್ಲಿ 0.1 ವೋಲ್ಟ್ ಕೂಡ ಇರಬಾರದು.

ಓಡ್ತಾ ಓಡ್ತಾ ಒಂದು ಕ್ಷಣ ಎಲ್ಲಾ ಆರಿ ಮತ್ತೆ ಬರ್ತದ. ಗೊತ್ತಾಗೋದ್ರಾಗ ಸರಿ ಆಗಿರ್ತದ.

ಆ ಕ್ಷಣದಲ್ಲಿ ಹೆಡ್‌ಲೈಟ್ ಆರಿತ್ತಾ ಅನ್ನೋದು ಮುಖ್ಯ. ಮಾರುತಿಯಂಥ ಬಹಳಷ್ಟು ಗಾಡಿಗಳಲ್ಲಿ ಹೆಡ್‌ಲೈಟಿಗೆ ಕರೆಂಟು ಕೀ ಮೂಲಕ ಹೋಗುವುದಿಲ್ಲ (ಕೀ ತೆಗೆದಾಗಲೂ ಲೈಟ್ ಉರಿದರೆ ನಿಮ್ಮದೂ ಅದೇ). ಇಂಜಿನ್, ಮೀಟರ್ ಬೋರ್ಡ್ ಆರಿ ಹೆಡ್‌ಲೈಟ್ ಉಳಿದರೆ ಇಗ್ನಿಷನ್ ಸ್ವಿಚ್. ಎಲ್ಲವೂ ಆರಿದರೆ ಬ್ಯಾಟರಿ ಟರ್ಮಿನಲ್ ಅಥವಾ ಮುಖ್ಯ ಫ್ಯೂಸಿನ ಜೋಡಣೆ. ಬರೀ ಇಂಜಿನ್ ತಡವರಿಸಿ ಬೋರ್ಡು ಸರಿ ಇದ್ದರೆ ಇಗ್ನಿಷನ್ ಅಥವಾ ಪೆಟ್ರೋಲ್ ಸಾಲು.

ಸ್ವಿಚ್ ಪರೀಕ್ಷೆಗೆ ಗಾಡಿ ನಿಲ್ಲಿಸಿ, ಇಂಜಿನ್ ಓಡುವಾಗ ಕೀಯನ್ನು ಮೆಲ್ಲಗೆ ಅಲುಗಾಡಿಸಿ. ಮನೆ, ಅಂಗಡಿ, ಗೋದಾಮು ಎಲ್ಲದರ ಬೀಗದ ಕೈ ಅದೇ ಗೊಂಚಲಿನಲ್ಲಿ ತೂಗುತ್ತಿದ್ದರೆ ಇವತ್ತೇ ಬೇರೆ ಮಾಡಿ.

ಒಂದೊಂದ್ ರಾತ್ರಿ ಮಾತ್ರ ಬ್ಯಾಟ್ರಿ ಇಳಿದು ಹೋಗ್ತೈತೆ. ಉಳಿದ ದಿನ ಆರಾಮ್.

ಏನೋ ಒಂದು ಕೆಲವು ಸಲ ಆಫ್ ಆಗದೆ ಉಳಿಯುತ್ತಿದೆ. ಅಂಟಿಕೊಳ್ಳುವ ರಿಲೇ, ಡಿಕ್ಕಿ ಲೈಟಿನ ಸ್ವಿಚ್, ಹೊರಗಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಸೆಂಟ್ರಲ್ ಲಾಕ್. 5 ವ್ಯಾಟಿನ ಸಣ್ಣ ಬಲ್ಬು ಕೂಡ ಸುಮಾರು 0.4 ಆಂಪಿಯರ್ ಎಳೆಯುತ್ತದೆ, 35 ಆಂಪಿಯರ್ ಅವರ್ ಬ್ಯಾಟರಿ ನಾಲ್ಕು ದಿನದೊಳಗೆ ಬರಿದು. ಒಂದೇ ರಾತ್ರಿಗೆ ಇಳಿದರೆ ಅದಕ್ಕಿಂತ ದೊಡ್ಡದೇನೋ ಇದೆ.

ಎಲ್ಲಾ ಆಫ್ ಮಾಡಿ, ಮೈನಸ್ ಟರ್ಮಿನಲ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ ಟರ್ಮಿನಲ್ಲಿಗೂ ಕಂಬಕ್ಕೂ ನಡುವೆ ಕೊಡಿ. ಹೀಗಿರುವಾಗ ಸೆಲ್ಫ್ ಹೊಡೆಯಬೇಡಿ, ಮೀಟರ್ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದಾಗ 0.05 ಆಂಪಿಯರ್‌ಗಿಂತ ಕಮ್ಮಿ ಇರಬೇಕು. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ತೆಗೆಯಿರಿ. ಎಲ್ಲಾ ಫ್ಯೂಸ್ ತೆಗೆದರೂ ಇಳಿಯದಿದ್ದರೆ ಮೈನಸ್ ಬಿಚ್ಚಿ ಡೈನಮೊದ ದಪ್ಪ ವೈರು ಬಿಡಿಸಿ, ಅದನ್ನು ಟೇಪ್ ಸುತ್ತಿ ಬೇರೆ ಇಟ್ಟು ಮತ್ತೆ ಅಳೆಯಿರಿ. ಒಳಗಿನ ಡಯೋಡ್ ಸೋರುತ್ತಿರಬಹುದು.

ಡೈನಮೊ ಚೆಕ್ ಮಾಡಾಕ ಓಡೋ ಗಾಡಿದು ಬ್ಯಾಟ್ರಿ ವೈರ್ ಕಿತ್ತು ನೋಡ್ತಾರಲ್ಲ, ಅದು ಸರೀನಾ?

ಸರಿಯಲ್ಲ. ಬ್ಯಾಟರಿ ಇದ್ದಾಗ ಅದು ಏರಿಳಿತವನ್ನು ನುಂಗಿಕೊಂಡಿರುತ್ತದೆ. ಓಡುವಾಗ ಕಿತ್ತರೆ ವೋಲ್ಟೇಜ್ ಥಟ್ಟನೆ ಹಲವು ಪಟ್ಟು ಏರಿ ಡಯೋಡ್, ಕಟೌಟ್ ಸುಡಬಹುದು. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಬಿಡುವ) ಗಾಡಿಯಲ್ಲಿ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಕೂಡ ಹೋಗಬಹುದು, ಅದರ ಬೆಲೆ ನಿಮಗೆ ಗೊತ್ತು. ಬಿಚ್ಚದೆ ಮೀಟರ್ ಹಿಡಿದರೆ ಅದೇ ಉತ್ತರ ಸಿಗುತ್ತದೆ. ಯಾರಾದರೂ ಕೀಳಲು ಬಂದರೆ 'ಬ್ಯಾಡ್ರಿ' ಅಂತ ಧೈರ್ಯವಾಗಿ ಹೇಳಿ.

ಎಂಪಿಎಫ್‌ಐ ಗಾಡಿ ಐತ್ರಿ. ಸ್ಕ್ಯಾನರ್ ಹಾಕಿದ್ರೆ ಎಲ್ಲಾ ಗೊತ್ತಾಗಲ್ವಾ?

ಎಲ್ಲಾ ಗೊತ್ತಾಗುವುದಿಲ್ಲ. ಆ ಕಾಲದ ಬಹಳ ಗಾಡಿಗಳಿಗೆ ಈಗಿನ ಸಾಧಾರಣ ಸ್ಕ್ಯಾನರ್ ಮಾತೇ ಆಡುವುದಿಲ್ಲ. ಮಾತಾಡಿದರೂ ಕೋಡ್ ಹೇಳೋದು ಯಾವ ಸಾಲಿನಲ್ಲಿ ತೊಂದರೆ ಅಂತ. ಕ್ರ್ಯಾಂಕ್ ಸೆನ್ಸರ್ ಕೋಡ್ ಬಂದರೆ ಸೆನ್ಸರೇ ಕೆಟ್ಟಿದೆ ಅಂತಲ್ಲ, ವೈರು, ಕನೆಕ್ಟರ್, ಅರ್ಥ್ ಯಾವುದೂ ಆಗಿರಬಹುದು. ಕೋಡ್ ಅಳಿಸುವ ಮುಂಚೆ ಬರೆದಿಟ್ಟುಕೊಳ್ಳಿ. ಮತ್ತೆ, ಇಸಿಎಂಗೆ ಹೋಗುವ ವೈರಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿಯಬೇಡಿ, ಮೀಟರ್ ಮಾತ್ರ.

ಪೂರ್ತಿ ವೈರಿಂಗ್ ಹೊಸಾದು ಮಾಡಿಸ್ಬಿಡ್ಲಾ? ಒಂದೇ ಸಲ ಪೀಡೆ ಹೋಗ್ಲಿ.

ವೈರಿನ ಮೇಲಿನ ಪ್ಲಾಸ್ಟಿಕ್ ಬಗ್ಗಿಸಿದರೆ ಬಿರುಕು ಬಿಡುತ್ತಿದ್ದರೆ, ಅಥವಾ ಒಳಗೆ ಎಲ್ಲೋ ಸುಟ್ಟು ಒಂದಕ್ಕೊಂದು ಅಂಟಿದ್ದರೆ ಮಾಡಿಸಿ. ಇಲ್ಲದಿದ್ದರೆ ಅವಸರ ಬೇಡ. ಹಳೆ ಕಂಪನಿ ವೈರಿಂಗಿನಲ್ಲಿ ಪ್ರತಿ ವೈರಿಗೂ ಒಂದು ಬಣ್ಣ, ಒಂದು ದಪ್ಪ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ಹೊಸದಾಗಿ ಕಟ್ಟುವವರು ಸಿಕ್ಕಿದ ಒಂದೇ ಬಣ್ಣದ ವೈರು ಎಳೆದರೆ ಮುಂದೆ ಯಾರಿಗೂ ಹುಡುಕಲು ಆಗುವುದಿಲ್ಲ.

ಮೊದಲು, ಗಾಡಿ ಕಂಪನಿಯಿಂದ ಬಂದ ಮೇಲೆ ಹೊರಗಿಂದ ಸೇರಿಸಿದ್ದನ್ನೆಲ್ಲ ಕಳಚಿ: ರಿವರ್ಸ್ ಹಾರ್ನ್, ಫಾಗ್ ಲ್ಯಾಂಪ್, ಅಲಾರಂ, ಹಿಂದಿನ ಮಾಲೀಕರು ಹಾಕಿಸಿದ ಸ್ಪೀಕರ್ ವೈರು, ಹೊಸೆದು ಟೇಪ್ ಸುತ್ತಿದ ಪ್ರತಿ ಗಂಟು. ಕಂಪನಿಯಿಂದ ಬಂದ ಸ್ಥಿತಿಗೆ ತಂದು ಎರಡು ವಾರ ಓಡಿಸಿ. ಆಮೇಲೆ ಬ್ಯಾಟರಿ, ಇಂಜಿನ್, ಬಾಡಿಯ ಅರ್ಥ್ ಹೊಸದು ಮಾಡಿಸಿ. ಇಷ್ಟಾದ ಮೇಲೂ ತೊಂದರೆ ಉಳಿದರೆ ಆ ಒಂದು ಸಾಲಿನ ವೈರನ್ನು ಮಾತ್ರ, ಅದೇ ಬಣ್ಣ, ಅದೇ ದಪ್ಪದ್ದು ತಂದು ಬದಲಿಸಿ. ಎಲ್ಲಿಂದ ಎಲ್ಲಿಗೆ ಬದಲಿಸಿದಿರಿ ಅಂತ ಆ ನೋಟ್‌ಬುಕ್ಕಿನಲ್ಲಿ ಬರೆದಿಡಿ, ನಾಳೆ ಬೇರೆ ಮೇಸ್ತ್ರಿ ಬಂದರೂ ಬೇಕಾಗುತ್ತದೆ.